ಪೆನ್ಸಿಲ್ ಹಿಡಿದು ಕಲಿಯುವ ಮ್ಯಾನೇಜ್‌ಮೆಂಟ್

ಕೇಳುಗರಿಗೆ ನಮಸ್ಕಾರ.

ಪದವಿಯಲ್ಲಿ ಮ್ಯಾನೇಜ್‌ಮೆಂಟ್ ಓದಲು ಹೊರಟವರು, ಈಗಾಗಲೇ ಮೊದಲ ವರ್ಷದಲ್ಲಿ ಇರುವವರು, ಮಗನನ್ನೋ ಮಗಳನ್ನೋ ಈ ಕೋರ್ಸಿಗೆ ಸೇರಿಸೋಣವೇ ಎಂದು ಯೋಚಿಸುತ್ತಿರುವ ತಂದೆತಾಯಿ, ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಮಾತಾಡುತ್ತೇನೆ. ಹತ್ತಿರದಲ್ಲಿ ಒಂದು ಕಾಗದ, ಒಂದು ಪೆನ್ಸಿಲ್ ಇದ್ದರೆ ದಯವಿಟ್ಟು ತೆಗೆದುಕೊಳ್ಳಿ. ಲೆಕ್ಕ ಇದೆ.

ಮ್ಯಾನೇಜ್‌ಮೆಂಟ್ ಅಂದ ಕೂಡಲೇ ಜನರಿಗೆ ನೆನಪಾಗುವುದು ಮಾತುಗಾರಿಕೆ. ಚೆನ್ನಾಗಿ ಮಾತಾಡುವ ಹುಡುಗ, ನಾಲ್ಕು ಜನರ ಮುಂದೆ ಅಳುಕದೆ ನಿಲ್ಲುವ ಹುಡುಗಿ, ಇವರಿಗೆ ಹೇಳಿ ಮಾಡಿಸಿದ ಕೋರ್ಸು ಅನ್ನುತ್ತಾರೆ. ಗಣಿತ ತಲೆಗೆ ಹತ್ತುವುದಿಲ್ಲ ಅನ್ನುವವರನ್ನೂ ಇಲ್ಲಿಗೇ ಕಳಿಸುತ್ತಾರೆ. ಈ ಎರಡು ಮಾತೂ ತಪ್ಪು. ಈ ಕೋರ್ಸಿನಲ್ಲಿ ಲೆಕ್ಕಶಾಸ್ತ್ರವಿದೆ, ಅರ್ಥಶಾಸ್ತ್ರವಿದೆ, ಸಂಖ್ಯಾಶಾಸ್ತ್ರವಿದೆ, ಹಣಕಾಸು ನಿರ್ವಹಣೆ ಇದೆ, ಉತ್ಪಾದನೆ, ಮಾರ್ಕೆಟಿಂಗ್, ಮಾನವ ಸಂಪನ್ಮೂಲ, ವ್ಯಾಪಾರ ಕಾನೂನು ಎಲ್ಲ ಇವೆ. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿಷಯಗಳು ನಿಂತಿರುವುದು ಅಂಕಿಗಳ ಮೇಲೆ. ಗಾಬರಿಯಾಗಬೇಡಿ, ದೊಡ್ಡ ಗಣಿತವೇನೂ ಬೇಡ. ಕೂಡು, ಕಳೆ, ಗುಣಿಸು, ಭಾಗಿಸು, ಶೇಕಡಾವಾರು, ಇಷ್ಟು ಬಂದರೆ ಮೊದಲ ವರ್ಷದ ಬಹುಪಾಲು ದಾಟುತ್ತದೆ. ಆದರೆ ಅದನ್ನು ಕೈಯಿಂದ ಮಾಡಬೇಕು. ಓದುವುದಲ್ಲ, ಮಾಡುವುದು. ನಾನು ಇವತ್ತು ಹೇಳುವುದು ಇದೊಂದೇ: ಪೆನ್ಸಿಲ್ ಹಿಡಿಯಿರಿ.

ಒಂದು ಚಿಕ್ಕ ಉದ್ಯಮ ಇದೆ ಅಂದುಕೊಳ್ಳಿ. ಒಂದೇ ವಸ್ತುವನ್ನು ತಯಾರಿಸುತ್ತದೆ. ಮಾರುವ ಬೆಲೆ 100. ಒಂದೊಂದು ವಸ್ತುವಿಗೂ ತಗಲುವ ಕಚ್ಚಾ ಮಾಲು, ಪ್ಯಾಕಿಂಗ್, ಸಾಗಣೆ ಸೇರಿ 60. ಇದು ಬದಲಾಗುವ ವೆಚ್ಚ, ಮಾಡಿದಷ್ಟೂ ಏರುತ್ತದೆ. ಇನ್ನು ಬಾಡಿಗೆ, ಸಂಬಳ ಮುಂತಾದದ್ದು ತಿಂಗಳಿಗೆ 40,000. ಇದು ಸ್ಥಿರ ವೆಚ್ಚ. ಒಂದು ವಸ್ತು ಮಾರಿದರೂ ಇಷ್ಟೇ, ಸಾವಿರ ಮಾರಿದರೂ ಇಷ್ಟೇ. 100ರಲ್ಲಿ 60 ಕಳೆದರೆ 40 ಉಳಿಯಿತು. ಈ 40ಕ್ಕೆ ಕಾಂಟ್ರಿಬ್ಯೂಷನ್ ಅನ್ನುತ್ತಾರೆ. 40,000ವನ್ನು 40ರಿಂದ ಭಾಗಿಸಿ. ಸಾವಿರ. ತಿಂಗಳಿಗೆ 1,000 ವಸ್ತು ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇದೇ ಬ್ರೇಕ್ ಈವನ್. ಪರೀಕ್ಷೆಯಲ್ಲಿ ಎಲ್ಲರೂ ಇದರ ವ್ಯಾಖ್ಯೆ ಬರೆಯುತ್ತಾರೆ, ಐದು ಅಂಕ ತೆಗೆದುಕೊಳ್ಳುತ್ತಾರೆ, ಅಲ್ಲಿಗೆ ಬಿಟ್ಟುಬಿಡುತ್ತಾರೆ.

ಬಿಡಬೇಡಿ, ಮುಂದೆ ಹೋಗಿ. ಈ ಉದ್ಯಮ ಈಗ 1,500 ಮಾರುತ್ತಿದೆ. 1,500 ಗುಣಿಸು 40, ಅಂದರೆ 60,000. ಅದರಲ್ಲಿ ಸ್ಥಿರ ವೆಚ್ಚ 40,000 ಕಳೆದರೆ ಲಾಭ 20,000. ಯಾರೋ ಒಬ್ಬರು ಬಂದು, ಬೆಲೆಯನ್ನು ಶೇಕಡಾ 10ರಷ್ಟು ಇಳಿಸಿ, ಮಾರಾಟ ಹೆಚ್ಚುತ್ತದೆ ಅನ್ನುತ್ತಾರೆ. ಎಷ್ಟು ಹೆಚ್ಚಬೇಕು? ಶೇಕಡಾ 10 ಇಳಿಸಿದರೆ ಶೇಕಡಾ 10 ಹೆಚ್ಚು ಮಾರಿದರೆ ಸಾಕು ಎಂದು ಹೊಸ ವಿದ್ಯಾರ್ಥಿಗಳು ಥಟ್ಟನೆ ಹೇಳಿಬಿಡುತ್ತಾರೆ. ಪೆನ್ಸಿಲ್ ಹಿಡಿಯಿರಿ. ಬೆಲೆ 90 ಆಯಿತು. ವೆಚ್ಚ 60 ಹಾಗೇ ಇದೆ. ಉಳಿಯುವುದು 30. ಮೊದಲಿನ 60,000 ಬರಬೇಕಾದರೆ 60,000 ಭಾಗಿಸು 30, ಅಂದರೆ 2,000 ಮಾರಬೇಕು. 1,500ರಿಂದ 2,000ಕ್ಕೆ! ಮೂರನೇ ಒಂದು ಭಾಗ ಹೆಚ್ಚು ಮಾರಿದರೆ ಮಾತ್ರ ಇದ್ದಲ್ಲೇ ಇರುತ್ತೀರಿ. ಬೆಲೆ ಇಳಿದದ್ದು ಹತ್ತರಲ್ಲಿ ಒಂದು ಪಾಲು, ಆದರೆ ನಿಮ್ಮ ಕೈಗೆ ಉಳಿಯುತ್ತಿದ್ದದ್ದರಲ್ಲಿ ಹೋದದ್ದು ನಾಲ್ಕರಲ್ಲಿ ಒಂದು ಪಾಲು. ಇದು ಬಾಯಿಮಾತಿನಲ್ಲಿ ಕಾಣುವುದಿಲ್ಲ. ಕಾಗದದ ಮೇಲೆ ಕಾಣುತ್ತದೆ.

ಇದನ್ನು ಮೊದಲೇ ಕಂಡುಕೊಂಡ ಒಬ್ಬರ ಕಥೆ ಹೇಳಲೇಬೇಕು. ಅವರು ಯಾವ ಬಿಸಿನೆಸ್ ಸ್ಕೂಲಿಗೂ ಹೋದವರಲ್ಲ, ಆಗ ಅಂಥ ಶಾಲೆಗಳೇ ಇರಲಿಲ್ಲ. ಹೆಸರು ಜೊಸಾಯಾ ವೆಜ್‌ವುಡ್. ಹುಟ್ಟಿದ್ದು 1730ರಲ್ಲಿ, ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರ್‌ನಲ್ಲಿ, ಕುಂಬಾರರ ಮನೆತನದಲ್ಲಿ. 1769ರಲ್ಲಿ ಎಟ್ರೂರಿಯಾ ಎಂಬ ಹೆಸರಿನ ದೊಡ್ಡ ಕಾರ್ಖಾನೆ ತೆರೆದರು. ಅಲಂಕಾರದ ಹೂದಾನಿಗಳು, ಪಿಂಗಾಣಿಯಂಥ ಊಟದ ಪಾತ್ರೆಗಳು. ರಾಣಿ ಷಾರ್ಲಟ್ ಸ್ವತಃ ಗಿರಾಕಿ. ಸಿರಿವಂತರೆಲ್ಲ ಮುಗಿಬಿದ್ದು ಕೊಳ್ಳುತ್ತಿದ್ದರು. ಹೀಗಿರುವಾಗ ಲೆಕ್ಕ ನೋಡಬೇಕು ಎಂದು ಯಾರಿಗೆ ಅನಿಸುತ್ತದೆ?

1772ರ ಜೂನ್‌ನಲ್ಲಿ ಅಲೆಕ್ಸಾಂಡರ್ ಫೋರ್ಡೈಸ್ ಎಂಬ ಲಂಡನ್ನಿನ ಬ್ಯಾಂಕರ್ ಸಾಲ ತೀರಿಸಲಾಗದೆ ದೇಶ ಬಿಟ್ಟು ಓಡಿಹೋದ. ಅವನ ಬ್ಯಾಂಕು ಮುಳುಗಿತು, ಅದರ ಹಿಂದೆ ಇನ್ನಷ್ಟು ಬ್ಯಾಂಕುಗಳು ಮುಳುಗಿದವು. ಸಾಲ ಹುಟ್ಟುವುದು ನಿಂತಿತು, ಕೊಳ್ಳುವವರು ಹಿಂದೆ ಸರಿದರು. ವೆಜ್‌ವುಡ್ ಗೋದಾಮಿನಲ್ಲಿ ಹೂದಾನಿಗಳು ರಾಶಿ ಬಿದ್ದವು. ಆಗ ಈ ಮನುಷ್ಯ ಮಾಡಿದ್ದೇನು? ಕುಳಿತು ಲೆಕ್ಕ ಹಾಕಿದರು. ಒಂದು ಹೂದಾನಿಗೆ ಮಣ್ಣು ಎಷ್ಟು, ಆಕಾರ ಕೊಡುವ ಕೂಲಿ ಎಷ್ಟು, ಸುಡುವುದಕ್ಕೆ ಎಷ್ಟು, ಒಡೆದುಹೋಗುವ ಪಾಲು ಎಷ್ಟು, ಹಂತ ಹಂತವಾಗಿ ಬಿಡಿಸಿ ಬರೆದರು.

ಬರೆದಾಗ ಗೊತ್ತಾದದ್ದು ಒಂದು ದೊಡ್ಡ ಸತ್ಯ. ಆ ವರ್ಷದ ಆಗಸ್ಟ್‌ನಲ್ಲಿ ತಮ್ಮ ಪಾಲುದಾರ ಥಾಮಸ್ ಬೆಂಟ್ಲಿಗೆ ಬರೆದ ಪತ್ರದಲ್ಲಿ ಅದನ್ನು ತಿಳಿಸಿದರು. ಮಾದರಿ, ಅಚ್ಚು, ಗುಮಾಸ್ತರ ಸಂಬಳ ಇಂಥ ಖರ್ಚುಗಳು ಗಡಿಯಾರದ ಹಾಗೆ ತಮ್ಮಷ್ಟಕ್ಕೆ ನಡೆಯುತ್ತಲೇ ಇರುತ್ತವೆ. ಮಾಲು ಹೆಚ್ಚು ಮಾಡಿದರೂ ಅಷ್ಟೇ, ಕಡಿಮೆ ಮಾಡಿದರೂ ಹೆಚ್ಚೂಕಡಿಮೆ ಅಷ್ಟೇ ಎಂಬುದು ಅದರ ತಾತ್ಪರ್ಯ. ನಾವು ಈಗ ತಾನೇ ಬರೆದುಕೊಂಡ 40,000 ನೆನಪಿದೆಯಲ್ಲ, ಅದೇ ಇದು! ಸ್ಥಿರ ವೆಚ್ಚ ಎಂಬ ಪದವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಸ್ವಂತ ಪುಸ್ತಕದ ಅಂಕಿಗಳು ಕಲಿಸಿದವು.

ಇಲ್ಲಿಂದ ಮುಂದಿನ ಹೆಜ್ಜೆ ಇನ್ನೂ ಸೊಗಸು. ಅಚ್ಚಿನ ಖರ್ಚು ಆಗಿಹೋಗಿದೆ. ಅದೇ ಅಚ್ಚಿನಿಂದ ಹೆಚ್ಚು ಹೂದಾನಿ ತೆಗೆದರೆ ಒಂದೊಂದರ ಮೇಲೆ ಬೀಳುವ ಭಾರ ಇಳಿಯುತ್ತದೆ. ಹಾಗಾದರೆ ಹೆಚ್ಚು ಮಾಲನ್ನು ಕೊಳ್ಳುವವರು ಯಾರು? ಶ್ರೀಮಂತರ ಅರಮನೆಗಳಲ್ಲಿ ಈ ಹೂದಾನಿಗಳು ಸಾಕಷ್ಟು ಕಾಲ ಮೆರೆದಿವೆ, ಮಧ್ಯಮ ವರ್ಗದವರು ಅವನ್ನು ನೋಡಿ ಮೆಚ್ಚಿದ್ದಾರೆ, ಈಗ ಬೆಲೆ ಇಳಿಸಿದರೆ ಆ ದೊಡ್ಡ ಗುಂಪು ಕೊಳ್ಳುತ್ತದೆ ಎಂದು ಅವರು ಯೋಚಿಸಿದರು. ಸ್ವಲ್ಪ ಹೊತ್ತಿನ ಹಿಂದೆ ನಾವು ಬೆಲೆ ಇಳಿಸುವುದು ಅಪಾಯ ಎಂದು ಕಂಡೆವು. ಇಲ್ಲಿ ಬೆಲೆ ಇಳಿಸುವುದೇ ದಾರಿ ಎಂದು ಕಾಣುತ್ತಿದೆ. ಎರಡೂ ನಿಜ. ಯಾವುದು ಎಲ್ಲಿ ನಿಜ ಎಂದು ಹೇಳುವುದು ಅಂಕಿ ಮಾತ್ರ. ಒಂದು ವಸ್ತುವಿನ ಮೇಲೆ ಎಷ್ಟು ಉಳಿಯುತ್ತದೆ, ಹೊಸ ಗಿರಾಕಿಗಳು ಎಷ್ಟು ಮಂದಿ, ಇವೆರಡನ್ನು ಬರೆದು ನೋಡದೆ ಬಾಯಿ ತೆರೆಯಬಾರದು.

ಇದೇ ತಪಾಸಣೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಅವರ ಮುಖ್ಯ ಗುಮಾಸ್ತನೇ ಹಣ ಲಪಟಾಯಿಸುತ್ತಿದ್ದ. ವ್ಯಾಪಾರ ಜೋರಾಗಿದ್ದಾಗ ಇದು ಕಣ್ಣಿಗೆ ಬಿದ್ದಿರಲಿಲ್ಲ. ನೋಡಿ, ಕಾಸ್ಟಿಂಗ್ ಎಂಬ ವೆಚ್ಚದ ಲೆಕ್ಕ, ಬೆಲೆ ನಿಗದಿ, ಮಾರ್ಕೆಟಿಂಗ್, ಒಳಗಿನ ತಪಾಸಣೆ, ಇವತ್ತು ನಾಲ್ಕು ಬೇರೆ ಬೇರೆ ಪೇಪರುಗಳಾಗಿ ನೀವು ಓದುವುದೆಲ್ಲ ಒಬ್ಬ ಕುಂಬಾರನ ಒಂದು ಬೇಸಿಗೆಯ ಲೆಕ್ಕದಲ್ಲಿತ್ತು. ಕಥೆ ಉದ್ದವಾಯಿತು, ಆದರೂ ಹೇಳದೆ ಇರಲಾಗಲಿಲ್ಲ.

ಈಗ ಬೇಗ ಬೇಗ ಉಳಿದದ್ದು.

ಲೆಕ್ಕಶಾಸ್ತ್ರ. ಜಮಾ ಖರ್ಚನ್ನು ಎರಡು ಕಡೆ ಬರೆಯುವ ಪದ್ಧತಿಯನ್ನು ಇಟಲಿಯ ಗಣಿತಜ್ಞ ಲೂಕಾ ಪಾಚೊಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ಇವತ್ತಿನ ಸಾಫ್ಟ್‌ವೇರ್ ಒಳಗೂ ಅದೇ ಇದೆ. ಸಾಫ್ಟ್‌ವೇರ್ ಕಲಿಯುವ ಮೊದಲು ಕನಿಷ್ಠ ಐವತ್ತು ವ್ಯವಹಾರಗಳನ್ನು ಕೈಯಲ್ಲಿ ಬರೆದು ಟ್ರಯಲ್ ಬ್ಯಾಲೆನ್ಸ್ ತೆಗೆಯಿರಿ, ಅಂದರೆ ಎಲ್ಲ ಖಾತೆಗಳ ಬಾಕಿಯನ್ನು ಡೆಬಿಟ್, ಕ್ರೆಡಿಟ್ ಎಂದು ಎರಡು ಕಡೆ ಬರೆದು ಕೂಡಿಸಿ ನೋಡಿ. ಎರಡು ಕಡೆ ಕೂಡಿಬರದಿದ್ದರೆ ಮೊದಲಿಂದ ಶುರು ಮಾಡಬೇಡಿ. ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ. ಶೇಷವಿಲ್ಲದೆ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು: 540ರ ಬದಲು 450 ಬರೆದಿದ್ದೀರಿ, ವ್ಯತ್ಯಾಸ 90. ಆಗದಿದ್ದರೆ ವ್ಯತ್ಯಾಸದ ಅರ್ಧ ಮಾಡಿ, ಆ ಮೊತ್ತ ಎಲ್ಲಿದೆ ಹುಡುಕಿ. 700ನ್ನು ಡೆಬಿಟ್ ಕಡೆ ಬರೆಯುವ ಬದಲು ಕ್ರೆಡಿಟ್ ಕಡೆ ಬರೆದರೆ ವ್ಯತ್ಯಾಸ 1,400 ಬರುತ್ತದೆ. ಇನ್ನೊಂದು ಎಚ್ಚರ: ಎರಡು ಕಡೆ ಸರಿಹೋದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ. ದುರಸ್ತಿಯ ಖರ್ಚನ್ನು ಯಂತ್ರದ ಖಾತೆಗೆ ಬರೆದಿದ್ದರೂ ಟ್ರಯಲ್ ಬ್ಯಾಲೆನ್ಸ್ ನಿಮ್ಮನ್ನು ಎಚ್ಚರಿಸುವುದಿಲ್ಲ.

ಹಣಕಾಸಿನಲ್ಲಿ ಒಂದೇ ಪಾಠ. ಲಾಭ ಬೇರೆ, ಕೈಯಲ್ಲಿರುವ ನಗದು ಬೇರೆ. ನಮ್ಮ ಅದೇ ಚಿಕ್ಕ ಉದ್ಯಮ ತಿಂಗಳಿಗೆ 1,500 ಮಾರುತ್ತಿದೆ, ಲಾಭ 20,000. ಆದರೆ ಗಿರಾಕಿಗಳಿಗೆ ಎರಡು ತಿಂಗಳ ಉದ್ದರಿ ಕೊಟ್ಟಿದೆ. ಮಾಲಿನ 90,000, ಬಾಡಿಗೆ ಸಂಬಳದ 40,000 ಆಯಾ ತಿಂಗಳೇ ಕೊಡಬೇಕು. ಎರಡು ತಿಂಗಳಲ್ಲಿ ಹೊರಹೋದದ್ದು 2,60,000. ಒಳಬಂದದ್ದು ಸೊನ್ನೆ. ಪುಸ್ತಕದಲ್ಲಿ 40,000 ಲಾಭ ತೋರಿಸುತ್ತಿದೆ, ಗಲ್ಲಾಪೆಟ್ಟಿಗೆ ಖಾಲಿ. ಮಾರಾಟ ಹೆಚ್ಚಿಸಿದರೆ ಇನ್ನೂ ಬೇಗ ಖಾಲಿ. ಚೆನ್ನಾಗಿ ಬೆಳೆಯುತ್ತಿದ್ದ ಉದ್ಯಮಗಳು ಮುಗ್ಗರಿಸಿ ಬೀಳುವುದು ಹೆಚ್ಚಾಗಿ ಇಲ್ಲೇ. ಆದ್ದರಿಂದ ಯಾವುದೇ ಕಂಪನಿಯ ವಾರ್ಷಿಕ ವರದಿ ಕೈಗೆ ಬಂದರೆ ಅಧ್ಯಕ್ಷರ ಭಾಷಣ, ಬಣ್ಣದ ಚಿತ್ರಗಳನ್ನು ದಾಟಿ ನೇರವಾಗಿ ನಗದು ಬಂದದ್ದು ಹೋದದ್ದನ್ನು ತೋರಿಸುವ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟಿಗೆ ಹೋಗಿ. ಲಾಭ ಏರುತ್ತಿದ್ದು, ವ್ಯಾಪಾರದಿಂದ ಬಂದ ನಗದು ಇಳಿಯುತ್ತಿದ್ದರೆ ಆಸ್ತಿ, ಸಾಲಗಳನ್ನು ತೋರಿಸುವ ಬ್ಯಾಲೆನ್ಸ್ ಶೀಟಿಗೆ ತಿರುಗಿ, ಗಿರಾಕಿಗಳ ಬಾಕಿ ಮತ್ತು ಮಾರಾಟವಾಗದ ದಾಸ್ತಾನು ಎಷ್ಟಾಗಿದೆ ನೋಡಿ. ಕನಿಷ್ಠ ಮೂರು ವರ್ಷದ ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಳ್ಳಿ. ವಾರಕ್ಕೊಂದು ವರದಿ ಸಾಕು.

ಉತ್ಪಾದನೆ ಮತ್ತು ಸೇವೆಯ ವಿಷಯದಲ್ಲಿ ಅಮೆರಿಕದ ಪ್ರೊಫೆಸರ್ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸೂತ್ರ ಸಾಕು. ಗಿರಾಕಿಗಳು ಬಂದು ಹೋಗುವ ಒಂದು ಜಾಗ ಅಂದುಕೊಳ್ಳಿ: ಸರಾಸರಿ ಒಳಗಿರುವವರ ಸಂಖ್ಯೆ ಅಂದರೆ ಬರುವ ವೇಗ ಗುಣಿಸು ಒಳಗೆ ಕಳೆಯುವ ಸಮಯ. ಗಂಟೆಗೆ 20 ಜನ ಬರುತ್ತಾರೆ, ಒಬ್ಬೊಬ್ಬರೂ ಅರ್ಧ ಗಂಟೆ ಇರುತ್ತಾರೆ ಅಂದರೆ ಸರಾಸರಿ 10 ಜನ ಒಳಗಿರುತ್ತಾರೆ. ಅಲ್ಲಿ ಆರೇ ಕುರ್ಚಿ ಇದ್ದರೆ ನಾಲ್ಕು ಜನ ನಿಂತಿರುತ್ತಾರೆ. ಕುರ್ಚಿ ತರಿಸುವುದೋ, ಕೆಲಸದ ವೇಗ ಹೆಚ್ಚಿಸುವುದೋ, ಈ ಚರ್ಚೆ ಅಲ್ಲಿಂದ ಶುರುವಾಗಬೇಕು.

ಸ್ಪ್ರೆಡ್‌ಶೀಟ್ ಬಳಸುವವರಿಗೆ ಎರಡು ನಿಯಮ. ಬೆಲೆ, ವೆಚ್ಚ, ಶೇಕಡಾ ಇಂಥ ಮೂಲ ಅಂಕಿಗಳನ್ನೆಲ್ಲ ಒಂದು ಕಡೆ ಇಡಿ. ಸೂತ್ರದ ಒಳಗೆ ಅಂಕಿ ಬರೆಯಬೇಡಿ. ಎರಡನೆಯದು, ಮೊತ್ತ ಅಥವಾ ಸರಾಸರಿ ತೆಗೆದಾಗ ಎಲ್ಲ ಸಾಲುಗಳೂ ಸೇರಿವೆಯೇ ಎಂದು ಎಣಿಸಿ. ಕಾರ್ಮೆನ್ ರೀನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಇಬ್ಬರು ಹೆಸರಾಂತ ಅರ್ಥಶಾಸ್ತ್ರಜ್ಞರ 2010ರ ಪ್ರಬಂಧದಲ್ಲಿ ಸರಾಸರಿಯ ಸೂತ್ರ ಐದು ದೇಶಗಳ ಸಾಲುಗಳನ್ನೇ ಬಿಟ್ಟುಬಿಟ್ಟಿತ್ತು. 2013ರಲ್ಲಿ ಅದನ್ನು ಬಯಲಿಗೆ ತಂದದ್ದು ತರಗತಿಯ ಅಸೈನ್‌ಮೆಂಟಿಗಾಗಿ ಆ ಲೆಕ್ಕವನ್ನು ಮತ್ತೆ ಮಾಡಿ ನೋಡಿದ ಒಬ್ಬ ವಿದ್ಯಾರ್ಥಿ. ಎಷ್ಟು ದೊಡ್ಡವರು ಬರೆದಿದ್ದರೂ ನೀವು ಮತ್ತೊಮ್ಮೆ ಮಾಡಿ ನೋಡಬಹುದು, ನೋಡಬೇಕು.

ಮಾರ್ಕೆಟಿಂಗ್ ಮತ್ತು ಮಾನವ ಸಂಪನ್ಮೂಲದ ಬಗ್ಗೆ ವಿವರವಾಗಿ ಹೇಳಲು ಸಮಯ ಉಳಿದಿಲ್ಲ. ಅಲ್ಲೂ ಇದೇ ಮಾತು. ಕೇಸ್ ಸ್ಟಡಿ ಕೊಟ್ಟರೆ ಅಭಿಪ್ರಾಯ ಬರೆಯುವ ಮೊದಲು ಅದರಲ್ಲಿರುವ ಅಂಕಿಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ. ಗುಂಪಿನಲ್ಲಿ ಕೆಲಸ ಮಾಡುವಾಗ ಸ್ಲೈಡು ಮಾಡುವ ಕೆಲಸ ನನಗೆ, ಲೆಕ್ಕ ಅವನಿಗೆ ಎಂದು ಹಂಚಿಕೊಳ್ಳಬೇಡಿ. ಲೆಕ್ಕ ಎಲ್ಲರೂ ಮಾಡಲಿ, ಸ್ಲೈಡು ಯಾರು ಬೇಕಾದರೂ ಮಾಡಲಿ.

ಕೊನೆಯದಾಗಿ ನಿಮಗೊಂದು ಲೆಕ್ಕ. ಅದೇ ಉದ್ಯಮ, ತಿಂಗಳಿಗೆ 1,500 ಮಾರುತ್ತಿದೆ. ಯಂತ್ರಕ್ಕೆ ಇನ್ನೂ ಬಿಡುವಿದೆ. ದೂರದ ಒಬ್ಬ ಗಿರಾಕಿ ಬಂದು, ಒಂದೇ ಸಲಕ್ಕೆ 200 ವಸ್ತು ಕೊಡಿ, ಒಂದಕ್ಕೆ 75 ಕೊಡುತ್ತೇನೆ ಅನ್ನುತ್ತಾನೆ. 40,000ವನ್ನು 1,500ಕ್ಕೆ ಹಂಚಿದರೆ ಒಂದಕ್ಕೆ ಸುಮಾರು 27, ಅದಕ್ಕೆ 60 ಸೇರಿಸಿದರೆ 87. ಆದ್ದರಿಂದ 75ಕ್ಕೆ ಕೊಟ್ಟರೆ ನಷ್ಟ ಎಂದು ತರಗತಿಯಲ್ಲಿ ಹೆಚ್ಚಿನವರು ಬರೆಯುತ್ತಾರೆ. ವೆಜ್‌ವುಡ್ ಪತ್ರವನ್ನು ನೆನಪಿಸಿಕೊಳ್ಳಿ. ಆ 40,000 ಈ 200 ವಸ್ತು ಮಾಡಿದರೂ ಅಷ್ಟೇ, ಮಾಡದಿದ್ದರೂ ಅಷ್ಟೇ. ಹೊಸದಾಗಿ ಆಗುವ ಖರ್ಚು 60 ಮಾತ್ರ. ಉಳಿಯುವುದು 15. 200 ಗುಣಿಸು 15, ಮೂರು ಸಾವಿರ. ಕೊಡಬಹುದು. ಈಗ ಪೆನ್ಸಿಲ್ ಕೆಳಗಿಡಬೇಡಿ. ಯಂತ್ರಕ್ಕೆ ಬಿಡುವು ಇಲ್ಲದೆ, ಈ 200ಕ್ಕಾಗಿ 100ಕ್ಕೆ ಮಾರುವ ಹಳೇ ಗಿರಾಕಿಗಳ 200 ವಸ್ತುಗಳನ್ನು ನಿಲ್ಲಿಸಬೇಕಾಗಿ ಬಂದರೆ ಏನಾಗುತ್ತದೆ, ಅದನ್ನು ನೀವೇ ಬರೆದು ನೋಡಿ.

ನಮಸ್ಕಾರ.