ಕುಡಿದು ಆಡಿದ ಮಾತು, ಕುಡಿಯದೆ ಆಡಿದ ಮಾತು

1976ರ ಆಗಸ್ಟ್ 5. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ಓಡಿಯನ್ ಥಿಯೇಟರ್. ವೇದಿಕೆ ಮೇಲೆ ಬ್ರಿಟಿಷ್ ರಾಕ್ ಗಿಟಾರ್ ವಾದಕ, ಗಾಯಕ ಎರಿಕ್ ಕ್ಲ್ಯಾಪ್ಟನ್. ಕುಡಿದದ್ದು ಜಾಸ್ತಿಯಾಗಿದೆ. ಹಾಡು ಕೇಳಲು ಬಂದವರನ್ನೇ ಕೇಳಿದ: ‘ವಿದೇಶಿಯರು ಯಾರಾದ್ರೂ ಇದ್ದೀರಾ? ಕೈ ಎತ್ತಿ.’ ಆಮೇಲೆ, ಅಂಥವರು ದೇಶ ಬಿಟ್ಟು ಹೋಗಲಿ, ಎನೋಕ್ ಪವೆಲ್‌ಗೆ ಓಟು ಹಾಕಿ ಅಂದ. ಪವೆಲ್ ಯಾರು ಗೊತ್ತಲ್ವಾ? 1968ರಲ್ಲಿ ಇದೇ ಊರಲ್ಲಿ ವಲಸಿಗರ ವಿರುದ್ಧ ಭಾಷಣ ಮಾಡಿ ಪಕ್ಷದಲ್ಲಿ ಸ್ಥಾನ ಕಳೆದುಕೊಂಡ ರಾಜಕಾರಣಿ.

ಇದರಲ್ಲಿ ಒಂದು ವಿಚಿತ್ರ ನೋಡಿ. ಎರಡೇ ವರ್ಷದ ಹಿಂದೆ ಈ ಕ್ಲ್ಯಾಪ್ಟನ್ ಅಮೆರಿಕದಲ್ಲಿ ನಂಬರ್ ಒನ್ ಆಗಿದ್ದು ಜಮೈಕಾದ ಕಪ್ಪು ಗಾಯಕ ಬಾಬ್ ಮಾರ್ಲಿಯ ಹಾಡು ಹಾಡಿ!

‘ಅಯ್ಯೋ, ಕುಡಿದಿದ್ದ ಬಿಡಿ, ಸುಮ್ನೆ ತಮಾಷೆಗೆ ಅಂದಿದ್ದು’ ಎನ್ನುವ ಅಭಿಮಾನಿಗಳು ಇವತ್ತಿಗೂ ಇದ್ದಾರೆ. ಮದುವೆ ಮನೆಯಲ್ಲಿ ರಂಪ ಮಾಡಿದ ಮಾವನಿಗೆ ಮರುದಿನ ಬೆಳಿಗ್ಗೆ ಮನೆಯವರು ಹೇಳುವ ಮಾತೂ ಇದೇ. ಆ ರಾತ್ರಿ ಅವನ ಮನಸ್ಸಲ್ಲಿ ಏನಿತ್ತು ಅಂತ ನಾನು ಹುಡುಕಲು ಹೋಗುವುದಿಲ್ಲ. ಅಮಲು ಇಳಿದ ಮೇಲೆ ಏನು ಮಾಡಿದ ಅಂತ ನೋಡುತ್ತೇನೆ.

ಅದೇ 1976ರಲ್ಲಿ ಇನ್ನೊಬ್ಬ ಬ್ರಿಟಿಷ್ ರಾಕ್ ಗಾಯಕ ಡೇವಿಡ್ ಬೋವಿ ಕೂಡ, ಬ್ರಿಟನ್ನಿಗೆ ಫ್ಯಾಸಿಸ್ಟ್ ನಾಯಕ ಬಂದರೆ ಒಳ್ಳೆಯದು ಎನ್ನುವ ಅರ್ಥದಲ್ಲಿ ಮಾತಾಡಿದ್ದ. ಆಗ ಅವನೂ ಕೊಕೇನ್ ನಶೆಯಲ್ಲೇ ಮುಳುಗಿದ್ದ. ಇವರಿಬ್ಬರ ಮಾತಿಗೆ ಸಿಟ್ಟಾಗಿ ‘ರಾಕ್ ಅಗೇನ್ಸ್ಟ್ ರೇಸಿಸಂ’ (ವರ್ಣಭೇದದ ವಿರುದ್ಧ ರಾಕ್ ಸಂಗೀತ) ಚಳವಳಿಯೇ ಹುಟ್ಟಿತು. ಆದರೆ 1983ರಲ್ಲಿ ಬೋವಿ ಅಮೆರಿಕದ ಸಂಗೀತ ಚಾನೆಲ್ ಎಂಟಿವಿಯ ಸಂದರ್ಶನಕ್ಕೆ ಕೂತ. ಇದ್ದಕ್ಕಿದ್ದಂತೆ ಅವನೇ ಪ್ರಶ್ನೆ ಕೇಳಲು ಶುರು ಮಾಡಿದ. ನಿಮ್ಮ ಚಾನೆಲ್‌ನಲ್ಲಿ ಕಪ್ಪು ಕಲಾವಿದರು ಇಷ್ಟು ಕಡಿಮೆ ಯಾಕೆ? ಇರುವ ಕೆಲವರೂ ರಾತ್ರಿ ಎರಡೂವರೆಯಿಂದ ಬೆಳಗಿನ ಆರರ ತನಕ ಮಾತ್ರ ಯಾಕೆ? ನಿರೂಪಕ ಸಣ್ಣ ಊರುಗಳ ಪ್ರೇಕ್ಷಕರು ಹೆದರುತ್ತಾರೆ ಅಂತೆಲ್ಲ ಸಬೂಬು ಹೇಳುತ್ತಾನೆ. ಬೋವಿ ಬಿಡುವುದಿಲ್ಲ. ದನಿ ಮಾತ್ರ ಏರುವುದಿಲ್ಲ.

ಕ್ಲ್ಯಾಪ್ಟನ್ 1987ರಲ್ಲಿ ಕುಡಿತ ಬಿಟ್ಟ. 2004ರಲ್ಲಿ ಪತ್ರಿಕೆಯೊಂದು ಪವೆಲ್ ಬಗ್ಗೆ ಕೇಳಿದಾಗ, ಭಾರಿ ಧೈರ್ಯವಂತ ಅಂತ ಹೊಗಳಿದ. ಗ್ಲಾಸು ಕೆಳಗಿಟ್ಟು ಹದಿನೇಳು ವರ್ಷ ಆಗಿತ್ತು! ಆಮೇಲೆ, 2018ರ ಹೊತ್ತಿಗೆ, ಆವತ್ತಿನದಕ್ಕೆ ನಾಚಿಕೆಯಾಗುತ್ತದೆ ಅಂತ ಹೇಳಿಕೊಂಡ. ಸರಿ, ನಂಬೋಣ. ಆದರೆ ಅದು ತಮಾಷೆ ಅಂತ ಮಾತ್ರ ನನ್ನ ಹತ್ತಿರ ಹೇಳಬೇಡಿ.