ಕಿವಿ ಕೆಳಗಿನ ಗಡ್ಡೆಗೆ ‘ಸಣ್ಣ ಆಪರೇಷನ್’ ಅಂತ ಒಂದಿಲ್ಲ

ನಮಸ್ಕಾರ. ಹಲ್ಲು ಬಿಗಿಯಾಗಿ ಕಚ್ಚಿ ಹಿಡಿಯಿರಿ. ಕೆನ್ನೆಯಲ್ಲಿ ಕಲ್ಲಿನ ಹಾಗೆ ಎದ್ದು ಬರುತ್ತಲ್ಲ, ಅದು ಅಗಿಯೋ ಸ್ನಾಯು. ಅದರ ಮುಂದಿನ ಅಂಚಿನ ಮೇಲೆ ತೋರುಬೆರಳಿಟ್ಟು ಮೇಲಕ್ಕೂ ಕೆಳಕ್ಕೂ ಆಡಿಸಿ. ಬೆರಳಿನಡಿ ಹುರಿಯಂಥದ್ದೊಂದು ಜಾರುತ್ತೆ. ಅದು ಜೊಲ್ಲಿನ ನಾಳ. ಈಗ ನಾಲಿಗೆ ತುದಿಯನ್ನು ಮೇಲಿನ ಎರಡನೇ ದವಡೆಹಲ್ಲಿನ ಎದುರಿಗೆ, ಕೆನ್ನೆಯ ಒಳಮೈಗೆ ತಾಗಿಸಿ. ಸಣ್ಣದೊಂದು ಉಬ್ಬು ಸಿಗುತ್ತೆ. ನಾಳ ಬಾಯಿಗೆ ತೆರೆದುಕೊಳ್ಳೋದು ಅಲ್ಲೇ. 1660ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಿಕೋಲಸ್ ಸ್ಟೆನೊ ಅನ್ನೋ ವಿದ್ಯಾರ್ಥಿ ಕುರಿತಲೆ ಕೊಯ್ದು ನೋಡ್ತಾ ಇದನ್ನು ಗುರುತಿಸಿದ. ಇವತ್ತಿಗೂ ಇದಕ್ಕೆ ಸ್ಟೆನ್ಸನ್ ನಾಳ ಅಂತಲೇ ಹೆಸರು.

ಆ ನಾಳದ ಇನ್ನೊಂದು ತುದಿಯಲ್ಲಿರೋದು ಪರೋಟಿಡ್ ಗ್ರಂಥಿ. ಕಿವಿಯ ಮುಂದೆ, ಕಿವಿಹಾಲೆಯ ಕೆಳಗೆ, ದವಡೆಯ ಹಿಂದಿನ ಸಂದಿಗೆ ಇಳಿದು ಕೂತಿರುತ್ತೆ. ಮಂಗನಬಾವು ಬಂದಾಗ ಊದಿಕೊಳ್ಳೋದು ಇದೇ. ಇಲ್ಲಿ ಗಡ್ಡೆ ಎದ್ದಾಗ ನಮ್ಮ ಕಡೆ ಎರಡು ಮಾತು ಕೇಳಿಬರುತ್ತೆ. ಒಂದು, ‘ನೋವಿಲ್ಲ ತಾನೆ, ಇರ್ಲಿ ಬಿಡು’. ಇನ್ನೊಂದು, ‘ಕೊಬ್ಬಿನ ಗಡ್ಡೆ, ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷದಲ್ಲಿ ತೆಗೆದುಬಿಡೋಣ’. ಎರಡೂ ತಪ್ಪು. ಎರಡನೆಯದು ಹೆಚ್ಚು ತಪ್ಪು.

ಯಾಕೆ ಅಂತ ಹೇಳೋಕೆ ಮುಂಚೆ ಆ ಗಡ್ಡೆ ಏನು ಅಂತ ನೋಡೋಣ. ಪರೋಟಿಡ್‌ನಲ್ಲಿ ಏಳೋ ಗಡ್ಡೆಗಳಲ್ಲಿ ಹತ್ತಕ್ಕೆ ಎಂಟು ಕ್ಯಾನ್ಸರ್ ಅಲ್ಲ. ಆ ಎಂಟರಲ್ಲಿ ಬಹುಪಾಲು ಪ್ಲಿಯೋಮಾರ್ಫಿಕ್ ಅಡೆನೋಮ ಅನ್ನೋ ಒಂದೇ ಜಾತಿ. (ದವಡೆ ಕೆಳಗಿನ ಸಬ್‌ಮ್ಯಾಂಡಿಬುಲರ್ ಗ್ರಂಥಿಯಲ್ಲಿ ಲೆಕ್ಕ ಬೇರೆ, ಅಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೆಟ್ಟವು. ಅಂಗುಳದ ಸಣ್ಣ ಗ್ರಂಥಿಗಳಲ್ಲಿ ಇನ್ನೂ ಹೆಚ್ಚು. ಗ್ರಂಥಿ ಸಣ್ಣದಾದಷ್ಟೂ ಅನುಮಾನ ದೊಡ್ಡದಿರಲಿ.) ಈ ಅಡೆನೋಮ ಮುಟ್ಟಿದರೆ ಆಲೂಗಡ್ಡೆ ಹಾಗೆ ಗುಂಡಗೆ, ನುಣ್ಣಗೆ. ಮೈಕ್ರೋಸ್ಕೋಪಿನಡಿ ಮಾತ್ರ ಅದು ಶುಂಠಿ. ಸಿಪ್ಪೆ ಕೆಲವು ಕಡೆ ತೀರಾ ತೆಳು, ಕೆಲವು ಕಡೆ ಇಲ್ಲವೇ ಇಲ್ಲ, ಅಲ್ಲಿಂದ ಪುಟ್ಟ ಪುಟ್ಟ ಗೆಣ್ಣುಗಳು ಸುತ್ತಲಿನ ಗ್ರಂಥಿಗೆ ಚಾಚಿಕೊಂಡಿರುತ್ತವೆ. 20ನೇ ಶತಮಾನದ ಮೊದಲರ್ಧದಲ್ಲಿ ಸರ್ಜನ್‌ಗಳು ಸಿಪ್ಪೆ ಸೀಳಿ ಒಳಗಿನದನ್ನು ಕೆರೆದು ತೆಗೀತಿದ್ದರು. ಗೆಣ್ಣುಗಳು ಅಲ್ಲೇ ಉಳಿದವು. ನೂರಕ್ಕೆ 20ರಿಂದ 45 ಜನಕ್ಕೆ ಗಡ್ಡೆ ವಾಪಸ್ ಬಂತು. ಗ್ರಂಥಿಯ ಮೇಲ್ಭಾಗವನ್ನೇ ಗಡ್ಡೆ ಸಮೇತ ತೆಗೆಯೋದು ಶುರುವಾದ ಮೇಲೆ ಆ ಲೆಕ್ಕ ನೂರಕ್ಕೆ 1ರಿಂದ 4ಕ್ಕೆ ಇಳೀತು.

ವಾಪಸ್ ಬರೋದು ಅಂದರೆ ಒಂದು ಗಡ್ಡೆಯ ಬದಲು ಇನ್ನೊಂದು ಅಂತಲ್ಲ. ಒಳಗಿನದು ಚೆಲ್ಲಿದ್ದರೆ ವರ್ಷಗಳಾದ ಮೇಲೆ ರಾಗಿಕಾಳು ಎರಚಿದ ಹಾಗೆ ಹತ್ತಾರು ಗಂಟು, ಹಳೇ ಗಾಯದ ಕಲೆಯೊಳಗೆ, ನರದ ಮೇಲೆ. ಎರಡನೇ ಆಪರೇಷನ್‌ನಲ್ಲಿ ನರಕ್ಕೆ ಪೆಟ್ಟಾಗೋ ಸಂಭವ ಮೊದಲನೆಯದಕ್ಕಿಂತ ಎಷ್ಟೋ ಪಟ್ಟು. ಅದಕ್ಕೇ ನನ್ನ ವಾದ ಇಷ್ಟು: ಈ ಗಡ್ಡೆಗೆ ಒಂದು ಒಳ್ಳೇ ಆಪರೇಷನ್ ಮಾತ್ರ ಇದೆ, ಅದು ಮೊದಲನೆಯದು. ಅದನ್ನು ಗಡ್ಡೆಯ ಗಾತ್ರ ನೋಡಿ ನಿರ್ಧರಿಸಬಾರದು. ಗಡ್ಡೆಯ ಜಾತಿ ಮತ್ತು ನರ, ಇವೆರಡನ್ನು ನೋಡಿ ನಿರ್ಧರಿಸಬೇಕು.

ಜಾತಿ ತಿಳಿಯೋಕೆ ಕತ್ತಿ ಬೇಡ. ಅಲ್ಟ್ರಾಸೌಂಡ್ ನೋಡ್ಕೊಂಡು ಸಣ್ಣ ಸೂಜಿ ಹಾಕಿ ಜೀವಕೋಶ ಎಳೆಯೋ ಪರೀಕ್ಷೆ, ಎಫ್‌ಎನ್‌ಎಸಿ, ಸಾಕು. 2018ರಿಂದ ಇದರ ವರದಿಗೆ ಮಿಲಾನ್ ಪದ್ಧತಿ ಅಂತ ಆರು ದರ್ಜೆ ಇವೆ. ವರದಿಯಲ್ಲಿ ದರ್ಜೆ ನಮೂದಾಗಿದೆಯಾ ನೋಡಿ. ಗಡ್ಡೆ ಆಳಕ್ಕಿಳಿದಿದೆ ಅನ್ನಿಸಿದರೆ ಎಂಆರ್‌ಐ. ‘ಒಂದು ಚೂರು ಕೊಯ್ದು ಬಯಾಪ್ಸಿ ಕಳಿಸೋಣ’ ಅಂದರೆ ಮಾತ್ರ ಅಲ್ಲಿಂದ ಎದ್ದು ಬನ್ನಿ. ಚರ್ಮ ಕೊಯ್ದು ಗಡ್ಡೆ ಸೀಳಿದರೆ ಚೆಲ್ಲೋದನ್ನು ನಾವೇ ಮಾಡಿದ ಹಾಗೆ, ಜೊತೆಗೆ ಆ ದಾರಿಯಲ್ಲಿ ನರ ಎಲ್ಲಿದೆ ಅಂತ ಯಾರಿಗೂ ಗೊತ್ತಿರೋಲ್ಲ.

ಸೂಜಿ ಪರೀಕ್ಷೆ ಎಷ್ಟೋ ಸಲ ಆಪರೇಷನ್ನನ್ನೇ ತಪ್ಪಿಸುತ್ತೆ. ನಮ್ಮ ದೇಶದಲ್ಲಿ ಈ ಜಾಗದ ಗಡ್ಡೆ ಕ್ಷಯದ ಗಂಟೂ ಆಗಿರಬಹುದು. ಪರೋಟಿಡ್ ಒಳಗೇ ದುಗ್ಧಗ್ರಂಥಿಗಳಿವೆ (ಲಿಂಫ್ ನೋಡ್), ಕ್ಷಯ ಕೂರೋದು ಅವುಗಳಲ್ಲಿ. ಕ್ಷಯದ ಗಂಟಿಗೆ ಬೇಕಿರೋದು ಮಾತ್ರೆ. ಇನ್ನೊಂದು, ವಾರ್ತಿನ್ ಗಡ್ಡೆ. ಹೆಚ್ಚಾಗಿ ಬೀಡಿ, ಸಿಗರೇಟು ಸೇದೋ, ವಯಸ್ಸಾದ ಗಂಡಸರಿಗೆ, ಗ್ರಂಥಿಯ ಕೆಳತುದಿಯಲ್ಲಿ, ಕೆಲವೊಮ್ಮೆ ಎರಡೂ ಕಡೆ. ಅದು ಕ್ಯಾನ್ಸರ್ ಆಗೋದು ಅಪರೂಪದಲ್ಲಿ ಅಪರೂಪ. ಸೂಜಿ ವರದಿ ಖಚಿತವಾಗಿದ್ದರೆ ಸುಮ್ಮನೆ ನೋಡ್ತಾ ಇರಬಹುದು. ತೆಗೆಯದೇ ಬಿಡೋದೂ ಸರ್ಜರಿಯ ಒಂದು ತಂತ್ರವೇ, ಅದಕ್ಕೆ ಬಿಲ್ ಬರೋಲ್ಲ ಅಷ್ಟೇ.

ಈಗ ನರ. ಮುಖದ ಅರ್ಧಭಾಗದ ಹಾವಭಾವದ ಚಲನೆಗೆಲ್ಲ ಒಂದೇ ನರ, ಏಳನೆಯದು. ಕಿವಿಯ ಹಿಂದಿನ ಎಲುಬಿನ ತಳದಿಂದ ಹೊರಬಂದು ನೇರ ಪರೋಟಿಡ್ ಒಳಗೆ ನುಗ್ಗುತ್ತೆ. ಒಳಗೆ ಮೊದಲು ಎರಡು ಕವಲು, ಆಮೇಲೆ ಐದು: ಹಣೆ, ಕಣ್ಣು, ಕೆನ್ನೆ, ಕೆಳದುಟಿ, ಕುತ್ತಿಗೆ. ‘ಮೇಲಿನ ಭಾಗ’, ‘ಆಳದ ಭಾಗ’ ಅಂತ ಸರ್ಜನ್‌ಗಳು ಹೇಳ್ತಾರಲ್ಲ, ಗ್ರಂಥಿಯಲ್ಲಿ ಹಾಗೆ ಎರಡು ತುಂಡೇನೂ ಇಲ್ಲ. ನರ ಹಾದುಹೋಗೋ ಮಟ್ಟವೇ ಗಡಿ. ಅಂದಮೇಲೆ ಗಡ್ಡೆ ಹುಡುಕೋಕೆ ಮುಂಚೆ ನರ ಹುಡುಕಬೇಕು.

ಸಾಮಾನ್ಯ ಕ್ರಮ ಹೀಗೆ. ಪೂರ್ತಿ ಅರಿವಳಿಕೆ. ಕಿವಿಯ ಮುಂದಿನ ಮಡಿಕೆಯಿಂದ ಇಳಿದು, ಕಿವಿಹಾಲೆ ಬಳಸಿ, ಹಿಂದಕ್ಕೆ ಹೋಗಿ ಕುತ್ತಿಗೆಯ ಮಡಿಕೆಗೆ ಸೇರೋ ಸೀಳು. ಕಣ್ಣು ಮತ್ತು ಬಾಯಿಯ ಮೂಲೆ ಕಾಣೋ ಹಾಗೆ ಬಟ್ಟೆ ಹೊದಿಸಬೇಕು, ಅಲ್ಲಿ ಸಣ್ಣ ಸೆಳೆತ ಕಂಡರೆ ನರ ಹತ್ತಿರವಿದೆ ಅಂತ. ಕಿವಿಹಾಲೆಗೆ ಸ್ಪರ್ಶ ಕೊಡೋ ನರ ದಾರಿಯಲ್ಲೇ ಸಿಗುತ್ತೆ. ಅದರ ಹಿಂದಿನ ಕವಲನ್ನು ಉಳಿಸಿದರೆ ಮುಂದೆ ಓಲೆ ಹಾಕುವಾಗ ಕಿವಿ ಜೋಮು ಅನ್ನೋ ದೂರು ಕಡಿಮೆ. ಆಮೇಲೆ ಮೂರು ಗುರುತು. ಕಿವಿಯ ಮೃದ್ವಸ್ಥಿಯ ಚೂಪುತುದಿ: ನರ ಅದಕ್ಕಿಂತ ಸುಮಾರು 1 ಸೆಂಟಿಮೀಟರ್ ಕೆಳಗೆ, ಆಳದಲ್ಲಿ. ಕುತ್ತಿಗೆಯ ಡೈಗ್ಯಾಸ್ಟ್ರಿಕ್ ಸ್ನಾಯುವಿನ ಹಿಂಭಾಗ: ಅದರ ಮೇಲಂಚಿನ ಮಟ್ಟದಲ್ಲೇ ನರ. ಕಿವಿಯ ನಾಳದ ಎಲುಬು ಮತ್ತು ಹಿಂದಿನ ಎಲುಬು ಕೂಡೋ ಸಂದು: ನರ ಅದರಿಂದ 6ರಿಂದ 8 ಮಿಲಿಮೀಟರ್ ಆಳದಲ್ಲಿ. ಈ ಮೂರರಲ್ಲಿ ಕೊನೆಯದೇ ಹೆಚ್ಚು ನಂಬಿಕೆಗೆ ಅರ್ಹ. ಮೃದ್ವಸ್ಥಿ ಎಳೆದ ಕಡೆಗೆ ವಾಲುತ್ತೆ, ಎಲುಬು ವಾಲೋಲ್ಲ.

ನರ ಪತ್ತೆಹಚ್ಚೋ ಮಾನಿಟರ್ ಬಗ್ಗೆ ಆಸ್ಪತ್ರೆ ಜಾಹೀರಾತುಗಳಲ್ಲಿ ತುಂಬಾ ಕೇಳ್ತೀರಿ. ಒಳ್ಳೇದೇ. ಆದರೆ ಅರಿವಳಿಕೆ ವೈದ್ಯರು ಸ್ನಾಯು ಸಡಿಲಿಸೋ ದೀರ್ಘಾವಧಿ ಔಷಧಿ ಕೊಟ್ಟಿದ್ದರೆ ಸ್ನಾಯುವಿನ ಸೆಳೆತ ಹಿಡಿಯೋ ಆ ಯಂತ್ರ ಮೌನವಾಗಿ ಕೂತಿರುತ್ತೆ, ಸರ್ಜನ್ ‘ಇಲ್ಲಿ ನರ ಇಲ್ಲ’ ಅಂದುಕೊಂಡು ಮುಂದೆ ಹೋಗ್ತಾರೆ. ಇಬ್ಬರೂ ಮೊದಲೇ ಮಾತಾಡಿಕೊಳ್ಳದಿದ್ದರೆ ಯಂತ್ರ ಇಲ್ಲದಿರೋದೇ ವಾಸಿ. ನರದ ಹತ್ತಿರ ರಕ್ತ ನಿಲ್ಲಿಸೋಕೆ ಬೈಪೋಲಾರ್ (ಚಿಮುಟದ ಎರಡು ತುದಿಗಳ ನಡುವೆ ಮಾತ್ರ ಕರೆಂಟ್ ಹರಿಯೋ ಉಪಕರಣ) ಬಳಸಬೇಕು. ಮೊನೋಪೋಲಾರ್‌ನ ಬಿಸಿ ಕಣ್ಣಿಗೆ ಕಾಣದಷ್ಟು ದೂರ ಹರಡುತ್ತೆ.

ಸಣ್ಣ, ಅಲುಗಾಡೋ, ಮೇಲ್ಮೈಯಲ್ಲೇ ಇರೋ ಗಡ್ಡೆಗೆ ಇಷ್ಟೆಲ್ಲ ಬೇಕಾ? ಇದು ಸರ್ಜನ್‌ಗಳ ನಡುವಿನ ಹಳೇ ಜಗಳ. ನರದ ಕಾಂಡವನ್ನು ಹುಡುಕದೆ, ಗಡ್ಡೆಯ ಸಿಪ್ಪೆಯ ಹೊರಗೆ ಕೆಲವೇ ಮಿಲಿಮೀಟರ್ ಆರೋಗ್ಯವಾದ ಗ್ರಂಥಿ ಸಮೇತ ಬಿಡಿಸೋ ತಂತ್ರ ಇದೆ, ಎಕ್ಸ್‌ಟ್ರಾಕ್ಯಾಪ್ಸುಲಾರ್ ಡಿಸೆಕ್ಷನ್. ಪಳಗಿದ ಕೈಗಳಲ್ಲಿ ಇದರಿಂದ ಗಡ್ಡೆ ಮರಳೋ ಪ್ರಮಾಣ ಹೆಚ್ಚಿಲ್ಲ, ಮುಖದ ತಾತ್ಕಾಲಿಕ ದೌರ್ಬಲ್ಯ ಕಡಿಮೆ. ಆದರೆ ನಡುವೆ ನರ ಎದುರಾದರೆ ದೊಡ್ಡ ಆಪರೇಷನ್ನಿಗೆ ಹೊರಳೋಕೆ ಬರೋ ಸರ್ಜನ್‌ಗೆ ಮಾತ್ರ ಇದು ಹೇಳಿಮಾಡಿಸಿದ್ದು. ದೊಡ್ಡದು ಬಾರದವರು ಮಾಡೋ ಚಿಕ್ಕದು ಅದೇ ಹಳೇ ಕೆರೆದು ತೆಗೆಯೋದು, ಹೆಸರು ಹೊಸದು.

ಆಪರೇಷನ್ ಆದ ಮೇಲೆ ಬಾಯಿ ಸೊಟ್ಟಗಾದರೆ ಎಲ್ಲ ಮುಗೀತು ಅಂತಲ್ಲ. ನರ ಕಡಿದಿಲ್ಲದಿದ್ದರೆ ಸಾಮಾನ್ಯವಾಗಿ ವಾರಗಳಿಂದ ತಿಂಗಳುಗಳಲ್ಲಿ ಸರಿಹೋಗುತ್ತೆ. ಕೆಳದುಟಿಯ ಕವಲು ನಿಧಾನ, ಅದಕ್ಕೆ ಪಕ್ಕದ ಕವಲುಗಳ ಆಸರೆ ಕಡಿಮೆ. ಕಣ್ಣು ಮುಚ್ಚದಿದ್ದರೆ ಮಾತ್ರ ಅವತ್ತಿನಿಂದಲೇ ಹಗಲು ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆಗೆ ಟೇಪು. ತಿಂಗಳುಗಳ ನಂತರ ಇನ್ನೊಂದು ವಿಚಿತ್ರ ಬರಬಹುದು: ಹುಣಸೆಹಣ್ಣು ನೆನೆದರೆ ಬಾಯಲ್ಲಿ ನೀರೂರೋದರ ಜೊತೆ ಕೆನ್ನೆಯೂ ಬೆವರೋದು. ಜೊಲ್ಲಿಗೆ ಆಜ್ಞೆ ಒಯ್ಯೋ ನರತಂತುಗಳು ತುಂಡಾಗಿ, ಮತ್ತೆ ಬೆಳೆಯುವಾಗ ದಾರಿ ತಪ್ಪಿ ಬೆವರುಗ್ರಂಥಿಗೆ ಸೇರಿಕೊಂಡಿರುತ್ತವೆ. 1923ರಲ್ಲಿ ಇದರ ಕಾರಣ ಬಿಡಿಸಿ ಹೇಳಿದ್ದು ಪೋಲೆಂಡಿನ ನರವೈದ್ಯೆ ಲುತ್ಸಿಯಾ ಫ್ರೈ. ತುಂಬಾ ತೊಂದರೆ ಕೊಟ್ಟರೆ ಬೊಟುಲಿನಮ್ ಇಂಜೆಕ್ಷನ್ ಇದೆ, ತಿಂಗಳುಗಟ್ಟಲೆ ನಿಲ್ಲುತ್ತೆ.

ಇನ್ನು ಮೊದಲನೇ ಮಾತು, ‘ನೋವಿಲ್ಲ, ಇರ್ಲಿ ಬಿಡು’. ಪ್ಲಿಯೋಮಾರ್ಫಿಕ್ ಅಡೆನೋಮವನ್ನು ಬಿಟ್ಟರೆ ವರ್ಷ ಕಳೆದಂತೆ ಅದರೊಳಗೆ ಕ್ಯಾನ್ಸರ್ ಹುಟ್ಟೋ ಸಂಭವ ಏರುತ್ತೆ: ಮೊದಲ ಐದು ವರ್ಷದಲ್ಲಿ ನೂರಕ್ಕೆ ಒಂದೂವರೆ, ಹದಿನೈದು ವರ್ಷ ದಾಟಿದರೆ ಸುಮಾರು ಹತ್ತು. ಎಷ್ಟೋ ವರ್ಷ ಸುಮ್ಮನಿದ್ದದ್ದು ಸರ್ರನೆ ಬೆಳೆದರೆ, ನೋವು ಬಂದರೆ, ಮುಖ ಸೊಟ್ಟಗಾದರೆ, ಕುತ್ತಿಗೆಯಲ್ಲಿ ಗಂಟು ಎದ್ದರೆ ಕ್ಯಾನ್ಸರ್ ಆಗಲೇ ಹುಟ್ಟಿದೆ ಅಂತ ಭಾವಿಸಿ ಆಸ್ಪತ್ರೆಗೆ ಓಡಿ. ಹಾಗೆ ಹುಟ್ಟೋ ಕ್ಯಾನ್ಸರ್ ಹೆಚ್ಚಾಗಿ ಸಲೈವರಿ ಡಕ್ಟ್ ಕಾರ್ಸಿನೋಮ, ಅಂದರೆ ಜೊಲ್ಲಿನ ನಾಳದ ಕ್ಯಾನ್ಸರ್. 1968ರಲ್ಲಿ ಜರ್ಮನಿಯ ಕ್ಲೈನ್‌ಸಾಸರ್ ಇದನ್ನು ಮೊದಲು ವಿವರಿಸಿದಾಗ ಕೊಟ್ಟ ಹೋಲಿಕೆಯೇ ಸ್ತನದ ನಾಳದ ಕ್ಯಾನ್ಸರ್‌ನದು.

ಇಲ್ಲಿಂದ ಕಥೆ ಹಾರ್ಮೋನಿಗೆ ಹೊರಳುತ್ತೆ. ಜೊಲ್ಲುಗ್ರಂಥಿ ಬರೀ ನೀರಿನ ತೊಟ್ಟಿ ಅಂತ ನಾವು ಅಂದುಕೊಂಡಿದ್ದೀವಿ. ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಇಲಿಯ ದವಡೆ ಕೆಳಗಿನ ಗ್ರಂಥಿಯ ಸಾರವನ್ನು ಆಗಷ್ಟೇ ಹುಟ್ಟಿದ ಮರಿಗಳಿಗೆ ಚುಚ್ಚಿದಾಗ ಅವು ದಿನ ತುಂಬೋ ಮೊದಲೇ ಕಣ್ಣು ಬಿಟ್ಟವು, ಹಲ್ಲೂ ಬೇಗ ಮೂಡಿದವು. 1962ರಲ್ಲಿ ಅದರ ಕಾರಣವಾದ ಪ್ರೋಟೀನನ್ನು ಬೇರ್ಪಡಿಸಿ ವರದಿ ಮಾಡಿದರು, ಅದೇ ಇಜಿಎಫ್ (ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್), ಜೀವಕೋಶಗಳನ್ನು ಬೆಳೆಸೋ ಪ್ರೋಟೀನ್. 1986ರಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಜೊತೆ ನೊಬೆಲ್ ಬಂತು. ಇದರಲ್ಲಿ ಸ್ವಾರಸ್ಯ ಏನು ಗೊತ್ತಾ? ಗಂಡಿಲಿಯ ಗ್ರಂಥಿಯಲ್ಲಿ ಇಜಿಎಫ್ ಹೆಣ್ಣಿಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಬೀಜ ತೆಗೆದರೆ ಇಳಿಯುತ್ತೆ, ಟೆಸ್ಟೋಸ್ಟೆರೋನ್ ಕೊಟ್ಟರೆ ಏರುತ್ತೆ. ಜೊಲ್ಲುಗ್ರಂಥಿ ಗಂಡಸುತನದ ಹಾರ್ಮೋನಿನ ಮಾತು ಕೇಳುತ್ತೆ ಅಂತ ಇಲಿ ಆವಾಗಲೇ ಹೇಳಿತ್ತು. ಮನುಷ್ಯನ ಆರೋಗ್ಯವಂತ ಗ್ರಂಥಿಯಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ಅಷ್ಟಿಲ್ಲ. ಆದರೆ ಡಕ್ಟ್ ಕಾರ್ಸಿನೋಮದ ಬಹುಪಾಲು ಗಡ್ಡೆಗಳಲ್ಲಿ, ಗಂಡಸರಿರಲಿ ಹೆಂಗಸರಿರಲಿ, ಆಂಡ್ರೋಜನ್ ರಿಸೆಪ್ಟರ್, ಅಂದರೆ ಆ ಹಾರ್ಮೋನನ್ನು ಹಿಡಿದುಕೊಳ್ಳೋ ಪ್ರೋಟೀನ್, ತುಂಬಿರುತ್ತೆ. ನೋಡೋಕೆ ಸ್ತನದ ಕ್ಯಾನ್ಸರ್, ಹಸಿವು ಪ್ರೋಸ್ಟೇಟ್ ಕ್ಯಾನ್ಸರ್‌ನದು.

ಹಾಗಾದರೆ ಆ ಹಾರ್ಮೋನನ್ನು ತಡೆಯೋ ಪ್ರೋಸ್ಟೇಟ್ ಔಷಧಿ ಇಲ್ಲೂ ಕೆಲಸ ಮಾಡುತ್ತಾ? 2018ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ, ರಿಸೆಪ್ಟರ್ ಇದ್ದು ಆಪರೇಷನ್ನಿನ ಹಂತ ಮೀರಿದ 36 ರೋಗಿಗಳಿಗೆ ದಿನಕ್ಕೆ 80 ಮಿಲಿಗ್ರಾಂ ಬೈಕಾಲುಟಮೈಡ್ ಮಾತ್ರೆ, ನಾಲ್ಕು ವಾರಕ್ಕೊಮ್ಮೆ 3.75 ಮಿಲಿಗ್ರಾಂ ಲ್ಯೂಪ್ರೊರೆಲಿನ್ ಇಂಜೆಕ್ಷನ್ ಕೊಟ್ಟರು. 15 ಜನರ ಗಡ್ಡೆ ಗಣನೀಯವಾಗಿ ಕುಗ್ಗಿತು. ಹೋಲಿಸೋಕೆ ಇನ್ನೊಂದು ಗುಂಪು ಇರಲಿಲ್ಲ, ಹಾಗಾಗಿ ಇದನ್ನು ಗೆಲುವು ಅಂತ ಡಂಗುರ ಹೊಡೆಯೋದು ಬೇಡ. ಮೈ ಬಿಸಿಯೇರೋದು, ಎಲುಬು ಸವೆಯೋದು, ಸಕ್ಕರೆ ಏರೋದು ಇವೆ. ಆದರೂ ಕೀಮೋ ತಡೆಯಲಾರದ ವಯಸ್ಸಾದವರಿಗೆ ಇದು ಒಂದು ದಾರಿ. ಕೆಲವು ಗಡ್ಡೆಗಳಲ್ಲಿ ಹರ್-2 ಅನ್ನೋ, ಕೋಶಕ್ಕೆ ಬೆಳೆ ಅಂತ ಸೂಚನೆ ಕೊಡೋ ಪ್ರೋಟೀನ್ ಕೂಡ ಹೆಚ್ಚಿರುತ್ತೆ, ಅಲ್ಲಿ ಸ್ತನ ಕ್ಯಾನ್ಸರ್‌ನ ಔಷಧಿ ಟ್ರಾಸ್ಟುಝುಮಾಬ್ ಯೋಚಿಸಬಹುದು.

ಸಿಟ್ಟು ಬರೋದು ಇಲ್ಲಿ. ವರದಿ ‘ಹೈ ಗ್ರೇಡ್ ಅಡೆನೋಕಾರ್ಸಿನೋಮ’ (ಉಗ್ರ ಸ್ವಭಾವದ ಗ್ರಂಥಿ ಕ್ಯಾನ್ಸರ್) ಅನ್ನೋದರಲ್ಲೇ ನಿಂತರೆ ಈ ಎರಡೂ ದಾರಿ ಮುಚ್ಚಿದ ಹಾಗೆ. ಗಡ್ಡೆಯ ತೆಳು ಹಾಳೆಗೆ ಬಣ್ಣ ಹಾಕಿ ನೋಡೋ ಎರಡು ಪರೀಕ್ಷೆ, ಆಂಡ್ರೋಜನ್ ರಿಸೆಪ್ಟರ್ ಮತ್ತು ಹರ್-2, ಕೇಳಿ ಮಾಡಿಸಬೇಕು. ಆ ಪರೀಕ್ಷೆ ಕೆಡೋದು ಮಾತ್ರ ಲ್ಯಾಬ್‌ನಲ್ಲಲ್ಲ, ಆಪರೇಷನ್ ಥಿಯೇಟರಿನಲ್ಲೇ: ಗಡ್ಡೆಯನ್ನು ಸಲೈನ್‌ನಲ್ಲಿ ಹಾಕಿ ಸಂಜೆವರೆಗೆ ಇಟ್ಟಾಗ, ಇಲ್ಲವೇ ಇಷ್ಟೇ ಇಷ್ಟು ಫಾರ್ಮಲಿನ್‌ನಲ್ಲಿ (ಅಂಗಾಂಶ ಕೆಡದಂತೆ ಕಾಯೋ ದ್ರಾವಣ) ತುರುಕಿದಾಗ. ತೆಗೆದ ತಕ್ಷಣ, ಗಡ್ಡೆಯ ಹತ್ತು ಪಟ್ಟು 10 ಪರ್ಸೆಂಟ್ ಬಫರ್ಡ್ ಫಾರ್ಮಲಿನ್‌ನಲ್ಲಿ, ಕನಿಷ್ಠ 6 ಗಂಟೆ, 72 ಗಂಟೆ ಮೀರದ ಹಾಗೆ. ಆಪರೇಷನ್ ಹಿಂದೆಯೇ ಆಗಿದ್ದರೂ ಲ್ಯಾಬ್‌ನಿಂದ ಗಡ್ಡೆಯ ತುಂಡು ಹುದುಗಿಸಿಟ್ಟ ಮೇಣದ ಬ್ಲಾಕ್ ಮತ್ತು ಸ್ಲೈಡ್‌ಗಳನ್ನು ಬರೆದುಕೊಟ್ಟು ಕೇಳಿ ಪಡೆಯಬಹುದು. ಪರೀಕ್ಷೆಗೆ ಬೇಕಿರೋದು ಅದರಿಂದ ಮೂರು-ನಾಲ್ಕು ಮೈಕ್ರಾನ್ ದಪ್ಪದ ಕೆಲವು ಹಾಳೆ. ಫ್ರಿಜ್ ಬೇಡ. ಬಿಸಿಲಿಗೆ, ಬಸ್ಸಿನ ಎಂಜಿನ್ ಪಕ್ಕಕ್ಕೆ ಮಾತ್ರ ಇಡಬೇಡಿ, ಮೇಣ ಕರಗುತ್ತೆ.