ವಿಮಾನದ ಸದ್ದಿನ ಲೆಕ್ಕ ಗ್ರಾಮಸಭೆಗೆ ಬರಲಿ

ಶ್ರೋತೃಗಳಿಗೆ ನಮಸ್ಕಾರ.

ಆಷಾಢದಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ ಎಂಬುದನ್ನು ದೇವನಹಳ್ಳಿ ಸೀಮೆಯ ರೈತರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಕಣದಲ್ಲಿ ರಾಗಿ ತೂರುವವರು ಗಾಳಿ ನೋಡಿ ಮೊರ ಎತ್ತುವಂತೆ ವಿಮಾನ ನಡೆಸುವವರೂ ಗಾಳಿ ನೋಡಿಯೇ ರನ್‌ವೇಯ ಯಾವ ತುದಿಯೆಂದು ಆರಿಸಿಕೊಳ್ಳುತ್ತಾರೆ; ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಕೆಂಪೇಗೌಡ ವಿಮಾನ ನಿಲ್ದಾಣದ ಎರಡು ರನ್‌ವೇಗಳೂ ಪೂರ್ವ–ಪಶ್ಚಿಮವಾಗಿ ಹಾಸಿಕೊಂಡಿವೆ, ಒಂದೊಂದೂ 4,000 ಮೀಟರ್ ಉದ್ದವಿದೆ. ಆದ್ದರಿಂದ ಪಡುವಣ ಗಾಳಿಯ ಮುಂಗಾರಿನಲ್ಲಿ ವಿಮಾನಗಳು ಪೂರ್ವದ ಹಳ್ಳಿಗಳ ಮೇಲೆ ಇಳಿದುಬರುತ್ತವೆ, ಪಶ್ಚಿಮದ ಹಳ್ಳಿಗಳ ಮೇಲೆ ಏರಿಹೋಗುತ್ತವೆ. ಚಳಿಗಾಲದಲ್ಲಿ ಮೂಡಣ ಗಾಳಿ ತಿರುಗಿದ ಮೇಲೆ ಎರಡೂ ಕಡೆಯವರ ಪಾಡು ಅದಲುಬದಲಾಗುತ್ತದೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಯಾವ ಊರಿನ ಮೇಲೆ, ಯಾವ ತಿಂಗಳಲ್ಲಿ, ರಾತ್ರಿಯ ಯಾವ ಜಾವದಲ್ಲಿ ಎಷ್ಟು ಸದ್ದು ಬೀಳುತ್ತದೆ ಎಂಬುದನ್ನು ಮುಂಚಿತವಾಗಿ ಅಂದಾಜು ಮಾಡಬಹುದು, ಬಿದ್ದ ಮೇಲೆ ಅಳೆಯಬಹುದು, ಅಳೆದದ್ದನ್ನು ಬರೆದಿಡಬಹುದು. ಆ ಲೆಕ್ಕವನ್ನು ಸುತ್ತಲಿನ ಪ್ರತಿಯೊಂದು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಈ ಹೊತ್ತು ನಾನು ಕೇಳುತ್ತಿರುವುದು ಇಷ್ಟನ್ನೇ.

ಸದ್ದಿನ ಅಳತೆ ಡೆಸಿಬೆಲ್. ಅದು ಸೇರು, ಲೀಟರುಗಳಂತೆ ಏರುವುದಿಲ್ಲ. ಹತ್ತು ಡೆಸಿಬೆಲ್ ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, ಇಪ್ಪತ್ತು ಹೆಚ್ಚಾದರೆ ನೂರು ಪಟ್ಟು. ಇದನ್ನು ನೆನಪಿನಲ್ಲಿಟ್ಟುಕೊಂಡು ಎರಡು ಸರ್ಕಾರಿ ನಿಯಮಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯ ಪ್ರದೇಶದಲ್ಲಿ ಸದ್ದು ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದು. 2018ರ ಜೂನ್ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯವು ವಿಮಾನ ನಿಲ್ದಾಣಗಳ ಸುತ್ತಲಿನ ಪ್ರದೇಶಕ್ಕೆಂದೇ ಬೇರೆ ಮಿತಿಯನ್ನು ಗೊತ್ತುಮಾಡಿತು: ವರ್ಷಕ್ಕೆ 50,000ಕ್ಕಿಂತ ಹೆಚ್ಚು ಸಲ ವಿಮಾನಗಳು ಏರಿಳಿಯುವ ಕಡೆ ಹಗಲು 70, ರಾತ್ರಿ 65. ನಮ್ಮ ನಿಲ್ದಾಣದಲ್ಲಿ ಈ ಏರಿಳಿತ ವರ್ಷಕ್ಕೆ ಎರಡು ಲಕ್ಷಕ್ಕೂ ಮಿಕ್ಕಿದೆ. ಅಂದರೆ ಬೇರೆಡೆ ಮಲಗಿದ ಮಗುವಿಗೆ ಕಾನೂನು ಎಷ್ಟು ಸದ್ದನ್ನು ಗರಿಷ್ಠವೆಂದು ಹೇಳುತ್ತದೆಯೋ, ಅದರ ನೂರು ಪಟ್ಟು ಶಕ್ತಿಯ ಸದ್ದಿಗೆ ಇಲ್ಲಿ ಮಲಗಿದ ಮಗುವಿನ ವಿಷಯದಲ್ಲಿ ಒಪ್ಪಿಗೆ ಕೊಡುತ್ತದೆ. ಇಷ್ಟು ದೊಡ್ಡ ವಿನಾಯಿತಿಯನ್ನು ಪಡೆದವರು ಅದರ ಲೆಕ್ಕವನ್ನು ಊರಿನವರಿಗೆ ಒಪ್ಪಿಸಬೇಕೆಂದು ಕೇಳುವುದು ಹೆಚ್ಚಿನ ಬೇಡಿಕೆಯೇನೂ ಅಲ್ಲ.

ಈ ಮಿತಿಗಳೆಲ್ಲ ಸರಾಸರಿಯ ಮಿತಿಗಳು ಎಂಬುದನ್ನು ದಯವಿಟ್ಟು ಗಮನಿಸಿ. ವರ್ಷದ ಮಳೆ ಸರಾಸರಿಗೆ ಸರಿಯಾಗಿಯೇ ಬಂದಿದ್ದರೂ, ಅದರಲ್ಲಿ ಅರ್ಧದಷ್ಟು ಒಂದೇ ರಾತ್ರಿ ಸುರಿದು ಕೆರೆಯ ಏರಿ ಒಡೆದಿದ್ದರೆ ನಾವು ಸರಾಸರಿಯನ್ನು ನೋಡಿ ಸುಮ್ಮನಿರುವುದಿಲ್ಲ. ಸದ್ದಿನದೂ ಹಾಗೆಯೇ. ನಡುರಾತ್ರಿ ಎರಡು ಗಂಟೆಗೆ ಒಂದು ವಿಮಾನ ಮನೆಯ ಮೇಲೆ ಹಾದುಹೋಗಿ ಬಾಣಂತಿಯನ್ನೂ ಕೂಸನ್ನೂ ಎಬ್ಬಿಸಿದರೆ, ಎಚ್ಚರವಾದದ್ದು ಆ ಒಂದು ವಿಮಾನಕ್ಕೆ, ಸರಾಸರಿಗಲ್ಲ. ಒಮ್ಮೆ ನಾನು ಒಂದು ನಿಲ್ದಾಣದ ಕಚೇರಿಗೆ ಹೋಗಿ, ಒಂದೊಂದು ರಾತ್ರಿಯ ಒಂದೊಂದು ವಿಮಾನದ ಸದ್ದಿನ ಪಟ್ಟಿಯನ್ನು ತೋರಿಸಿ ಎಂದು ಕೇಳಿದಾಗ, ಇಡೀ ವರ್ಷಕ್ಕೆ ಒಂದೇ ಅಂಕಿಯಿದ್ದ ಒಂದು ಹಾಳೆಯನ್ನು ಕೊಟ್ಟು ಕಳುಹಿಸಿದರು. ಮೂವತ್ತು ವರ್ಷ ಸದ್ದನ್ನು ಅಳೆಯುವ ಕೆಲಸ ಮಾಡಿದ ನನಗೇ ಆ ಹಾಳೆಯಿಂದ ಏನೂ ತಿಳಿಯಲಿಲ್ಲವೆಂದ ಮೇಲೆ, ಗ್ರಾಮ ಪಂಚಾಯಿತಿಯ ಸದಸ್ಯರಿಗೆ ತಿಳಿಯುವುದಾದರೂ ಹೇಗೆ?

ಲೆಕ್ಕವನ್ನು ಜನರ ಮುಂದಿಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಲಂಡನ್ನಿನ ಹೀಥ್ರೂ ನಿಲ್ದಾಣದ ಮಗ್ಗುಲಲ್ಲಿರುವ ಹೌನ್ಸ್ಲೋ ಎಂಬ ಊರಿನಲ್ಲಿ. ಮಗಳು ಅಲ್ಲಿ ಕೆಲಸದಲ್ಲಿದ್ದಾಗ ಎರಡು ತಿಂಗಳು ಅವಳ ಮನೆಯಲ್ಲಿದ್ದೆ. ಆ ಮನೆಯ ಮೇಲೆ ವಿಮಾನಗಳು ಇಳಿಯತೊಡಗಿದರೆ ಹೆಚ್ಚುಕಡಿಮೆ ಒಂದೂವರೆ ನಿಮಿಷಕ್ಕೊಂದು. ಚಕ್ರಗಳು ಎಣಿಸುವಷ್ಟು ಹತ್ತಿರ. ಮೊದಲ ದಿನ ಬೆಳಿಗ್ಗೆ ನಾನು ಗಡಿಯಾರವನ್ನೂ ಅಳೆಯುವ ಉಪಕರಣವನ್ನೂ ಹಿಡಿದು ಹಿತ್ತಲಲ್ಲಿ ಕುಳಿತೆ. ಬೇಲಿಯ ಆಚೆ ಎಂಬತ್ತರ ಹತ್ತಿರದ ಒಬ್ಬ ಅಜ್ಜಿ ಬಟ್ಟೆ ಒಣಹಾಕುತ್ತಿದ್ದವರು ನನ್ನನ್ನು ನೋಡಿ, ಮೂರು ಗಂಟೆಯವರೆಗೆ ಹೀಗೆಯೇ ಇರುತ್ತದೆ, ಆಮೇಲೆ ಬನ್ನಿ, ಚಹಾ ಕುಡಿಯುತ್ತಾ ಮಾತನಾಡೋಣ ಎಂದರು. ಅಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆಂದು ನನಗೆ ಅಚ್ಚರಿ. ಮೂರು ಗಂಟೆಗೆ ಸರಿಯಾಗಿ ಹೋದೆ. ಕೊನೆಯ ವಿಮಾನ ಹಾದುಹೋದ ಮೇಲೆ ಮುಂದಿನದು ಬರಲಿಲ್ಲ. ದೂರದಲ್ಲಿ, ದಕ್ಷಿಣದ ರನ್‌ವೇಯ ಕಡೆ ಅದು ಇಳಿಯುವುದು ಕಾಣಿಸಿತು. ಅಜ್ಜಿ ಎದ್ದು ಕಿಟಕಿಗಳನ್ನು ಒಂದೊಂದಾಗಿ ತೆರೆದರು. ಹಕ್ಕಿಗಳ ದನಿ ಕೇಳಿಸಿತು. ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಹಾಳೆಯನ್ನು ತೋರಿಸಿದರು: ಪಡುವಣ ಗಾಳಿಯ ದಿನಗಳಲ್ಲಿ ಈ ವಾರ ಬೆಳಗಿನಿಂದ ಮೂರರವರೆಗೆ ನಿಮ್ಮ ಕಡೆ, ಮೂರರ ನಂತರ ಆ ಕಡೆ, ಮುಂದಿನ ವಾರ ಇದರ ತಿರುವು. ಇಡೀ ವರ್ಷದ ಪಟ್ಟಿ ಮುಂಗಡವಾಗಿ ಪ್ರಕಟವಾಗುತ್ತದೆ. ಮೊಮ್ಮಕ್ಕಳು ಬರುವ ದಿನವನ್ನೂ ಅವರು ಅದನ್ನು ನೋಡಿಯೇ ಗೊತ್ತುಮಾಡುತ್ತಿದ್ದರು. ಒಂದು ಸಂಜೆ ಹೊತ್ತುಮೀರಿ ನಾಲ್ಕು ವಿಮಾನಗಳು ಅವರ ಮನೆಯ ಮೇಲೆಯೇ ಇಳಿದಾಗ, ಸಮಯವನ್ನು ಬರೆದುಕೊಂಡು ಮರುದಿನವೇ ಫೋನು ಮಾಡಿ ಕಾರಣ ಕೇಳಿದರು, ಕಾರಣವನ್ನೂ ಪಡೆದರು. ವಿಮಾನಗಳ ಸಂಖ್ಯೆ ಕಡಿಮೆಯಾಗಿರಲಿಲ್ಲ, ಸದ್ದೂ ಕಡಿಮೆಯಾಗಿರಲಿಲ್ಲ. ಆದರೆ ಆ ಅಜ್ಜಿಯ ಕೈಯಲ್ಲಿ ಒಂದು ಲೆಕ್ಕದ ಹಾಳೆಯಿತ್ತು. ಎಂಟು ಗಂಟೆಯ ನೆಮ್ಮದಿಯನ್ನು ಹಕ್ಕಿನಿಂದ ಕೇಳಿ ಪಡೆಯುವ ಬಲವನ್ನು ಆ ಹಾಳೆ ಅವರಿಗೆ ಕೊಟ್ಟಿತ್ತು.

ಇದು ಯಾರ ಔದಾರ್ಯದಿಂದಲೂ ಬಂದದ್ದಲ್ಲ. ಬ್ರಿಟನ್ನಿನ 1982ರ ನಾಗರಿಕ ವಿಮಾನಯಾನ ಕಾಯ್ದೆಯು, ಸರ್ಕಾರ ಹೆಸರಿಸಿದ ನಿಲ್ದಾಣಗಳು ಸ್ಥಳೀಯ ಸಂಸ್ಥೆಗಳೊಂದಿಗೂ ಸುತ್ತಲಿನ ಜನರ ಪ್ರತಿನಿಧಿಗಳೊಂದಿಗೂ ಸಮಾಲೋಚಿಸುವ ವ್ಯವಸ್ಥೆಯನ್ನು ಇಟ್ಟುಕೊಳ್ಳಲೇಬೇಕೆಂದು ವಿಧಿಸುತ್ತದೆ. ಹೀಥ್ರೂವಿನ ಐದನೆಯ ಟರ್ಮಿನಲ್ಲಿಗೆ ಅನುಮತಿ ಕೊಡುವ ಮುನ್ನ 1995ರಿಂದ 1999ರವರೆಗೆ 500ಕ್ಕೂ ಹೆಚ್ಚು ದಿನ ಬಹಿರಂಗ ವಿಚಾರಣೆ ನಡೆಯಿತು, ಮತ್ತು 2001ರಲ್ಲಿ ಅನುಮತಿ ಬಂದಾಗ ವರ್ಷಕ್ಕೆ 4,80,000 ಏರಿಳಿತಗಳನ್ನು ಮೀರಬಾರದೆಂಬ ಷರತ್ತು ಅದಕ್ಕೆ ಅಂಟಿಕೊಂಡೇ ಬಂತು.

ನಮ್ಮಲ್ಲಿಯೂ ಬಾಗಿಲುಗಳಿವೆ, ನಾವು ತಟ್ಟುತ್ತಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ವಿಮಾನ ನಿಲ್ದಾಣದ ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ನಡೆಯುವಾಗ ಕನಿಷ್ಠ 30 ದಿನಗಳ ಮುಂಗಡ ಪ್ರಕಟಣೆ ಇರಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಸಭೆಯ ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿಯೇ ಓದಿ ಹೇಳಬೇಕು. ಅಲ್ಲಿ ಪರಿಹಾರದ ಹಣದ ಮಾತು ಎತ್ತುವುದು ಸರಿಯೇ. ಆದರೆ ರಾತ್ರಿ ಎಷ್ಟು ವಿಮಾನ, ನಮ್ಮ ಊರಿನ ಮೇಲೆ ಎಷ್ಟು, ಅಳೆಯುವ ಯಂತ್ರ ಎಲ್ಲಿ ಎಂದು ಕೇಳದೆ ಎದ್ದು ಬರಬೇಡಿ.

ಸಮಯ ಹತ್ತಿರ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಮನೆ ಕಟ್ಟುವವರು ವಿಮಾನ ನಿಲ್ದಾಣದ ಬಣ್ಣದ ನಕ್ಷೆಯನ್ನು ನೋಡಿ ಕಟ್ಟಡದ ಎತ್ತರಕ್ಕೆ ಅನುಮತಿ ಪಡೆಯುತ್ತಾರೆ. ಸದ್ದಿನ ನಕ್ಷೆಯನ್ನು ಯಾರೂ ಕೇಳುವುದಿಲ್ಲ, ಸೈಟು ಮಾರುವವರೂ ಹೇಳುವುದಿಲ್ಲ. ಶಾಲೆಗಳ ವಿಷಯದಲ್ಲಂತೂ ಈ ಅಲಕ್ಷ್ಯ ಸಲ್ಲದು. ಹೀಥ್ರೂ, ಆಮ್‌ಸ್ಟರ್‌ಡ್ಯಾಮ್, ಮ್ಯಾಡ್ರಿಡ್ ನಿಲ್ದಾಣಗಳ ಸುತ್ತ 9–10 ವರ್ಷದ 2,800ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಮಾನದ ಸದ್ದು ಹೆಚ್ಚಿದಂತೆ ಮಕ್ಕಳು ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಕುಗ್ಗುವುದು ಕಂಡುಬಂತು. ನಿಮ್ಮ ಊರಿನ ಶಾಲೆಯ ಮಾಡಿನ ಮೇಲೆ ಅಳೆಯುವ ಯಂತ್ರವೊಂದನ್ನು ಇಡಿ ಎಂದು ಕೇಳಲು ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ.

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಅದಕ್ಕೆ ಮೊದಲು ಹದಿನೈದು ರಾತ್ರಿ, ಮನೆಯಲ್ಲಿ ನಿದ್ದೆ ಕಡಿಮೆಯಿರುವ ಹಿರಿಯರೊಬ್ಬರು, ಎಚ್ಚರವಾದಾಗಲೆಲ್ಲ ಗಡಿಯಾರ ನೋಡಿ ಒಂದು ನೋಟುಪುಸ್ತಕದಲ್ಲಿ ಸಮಯವನ್ನು ಬರೆದಿಡಲಿ. ವಿಮಾನ ಏರುತ್ತಿತ್ತೋ ಇಳಿಯುತ್ತಿತ್ತೋ, ಗಾಳಿ ಯಾವ ಕಡೆಯದು ಎಂಬುದನ್ನೂ ಪಕ್ಕದಲ್ಲಿ ಬರೆಯಲಿ. ಹತ್ತು ಮನೆಗಳ ಇಂಥ ಪುಸ್ತಕಗಳನ್ನು ಸಭೆಯಲ್ಲಿ ಓದಿ, ನಿಲ್ದಾಣದ ಆಡಳಿತವು ಅದೇ ಹದಿನೈದು ರಾತ್ರಿಗಳ ತನ್ನ ಅಳತೆಯನ್ನು ಮುಂದಿನ ಸಭೆಗೆ ತಂದು ಓದಬೇಕೆಂಬ ನಿರ್ಣಯವನ್ನು ಮಾಡಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಕೈಯಿಂದ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿ, ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಇನ್ನೊಂದನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಳುಹಿಸಿ, ಸ್ವೀಕೃತಿಯನ್ನು ಪಡೆದುಕೊಳ್ಳಿ.

ನಮಸ್ಕಾರ.